ಹೊಟ್ಟೆಯ ಮೇಲೆ ಕಟ್ಟಿದ ಬೆಲ್ಟು

ನನ್ನ ಕರುಳು ಹೇಗೆ ಹರಿಯಿತು ಎಂದು ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ‘ಕಾರಿನ ಬೆಲ್ಟಿನಿಂದ’ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಅವರು ಅಷ್ಟಕ್ಕೇ ನಿಲ್ಲಿಸುತ್ತಾರೆ. ಆ ಬೆಲ್ಟು ಮೈಮೇಲೆ ಎಲ್ಲಿ ಇರಬೇಕಿತ್ತು, ಎಲ್ಲಿ ಇತ್ತು, ಅದನ್ನು ಅಲ್ಲಿಗೆ ಸರಿಸಿದವರು ಯಾರು ಎಂಬುದು ಅವರ ಮಾತಿನಲ್ಲಿ ಬರುವುದಿಲ್ಲ. ಬಂಧುಗಳಲ್ಲಿ, ಓಣಿಯಲ್ಲಿ, ಮದುವೆ ಮುಂಜಿಗಳಲ್ಲಿ ನನ್ನ ಕಾಯಿಲೆಯನ್ನು ನನ್ನ ಎದುರಿಗೇ ತಪ್ಪಾಗಿ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ನಡೆದದ್ದನ್ನು ನಡೆದ ಹಾಗೆ ಒಮ್ಮೆ ಬರೆದಿಡಬೇಕು ಅನ್ನಿಸಿತು. ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡು ಒಂದು ಮೂಲೆಯಲ್ಲಿ ಕುಳಿತವರು ಯಾರಾದರೂ ಇದನ್ನು ಓದಿದರೆ, ಹಾಗೆ ಕುಳಿತವರಲ್ಲಿ ತಾವೊಬ್ಬರೇ ಅಲ್ಲ ಎಂದಾದರೂ ತಿಳಿಯಲಿ.

2003ರ ಜನವರಿ. ನನಗೆ ಆಗ ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡನ ಮನೆ ಕಲಬುರಗಿಯ ಶಹಾಬಜಾರದ ಒಂದು ಓಣಿಯಲ್ಲಿ. ಎದುರಿನಿಂದ ಎಮ್ಮೆ ಬಂದರೆ ನಾವು ಯಾರದ್ದಾದರೂ ಕಟ್ಟೆ ಹತ್ತಿ ನಿಲ್ಲಬೇಕು, ಅಂಥ ಓಣಿ. ನನ್ನ ಗಂಡ ಚಂದ್ರಕಾಂತ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ಅತ್ತೆ, ಮತ್ತು ಕಾಲೇಜಿಗೆ ಹೋಗುವ ನಾದಿನಿ ಶೋಭಾ. ನಾನು ಗಾಜಿಪುರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ದಿನಾ ತಾರೀಖು ಹಾಕಿ ದಿನಚರಿ ಬರೆಯುವ, ಹಾಲು ಎಷ್ಟು ಬಂತು, ಗ್ಯಾಸ್ ಎಂದು ಮುಗಿಯಿತು ಎಂದು ಗುರುತು ಹಾಕುವ ಚಟ ನನಗೆ. ಅದಕ್ಕೇ ಅತ್ತೆ ‘ಲೆಕ್ಕದ ಸೊಸಿ’ ಎಂದು ಹೆಸರಿಟ್ಟಿದ್ದರು.

ಆ ವರ್ಷ ಎಳ್ಳ ಅಮಾವಾಸ್ಯೆಗೆ ತವರಿಗೆ ಹೋಗಿದ್ದೆ. ತವರು ಕಮಲಾಪುರ. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆ ಕಡಬು, ಭಜ್ಜಿ ಪಲ್ಯ, ಅಂಬಲಿ ಊಟ ಮಾಡಿ ಎರಡು ದಿನ ಇದ್ದೆ. ಕರೆದೊಯ್ಯಲು ಚಂದ್ರಕಾಂತ ಕಾರು ತಂದಿದ್ದರು. ಹೈದರಾಬಾದಿನವರೊಬ್ಬರಿಂದ ಹಳೆಯದು ಕೊಂಡು ತಿಂಗಳಾಗಿತ್ತಷ್ಟೇ. ಅದರ ಮೇಲೆ ಅವರಿಗೆ ಎಷ್ಟು ಪ್ರೀತಿ ಎಂದರೆ, ಶಹಾಬಜಾರದಲ್ಲಿ ಅದು ನಮ್ಮ ಓಣಿಯೊಳಗೆ ಬಾರದೆ ಬಾಯಿಯಲ್ಲೇ ನಿಲ್ಲುತ್ತದಲ್ಲ, ಅದಕ್ಕಾಗಿ ಊಟದ ನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದರು.

ಹೊರಡುವ ಮುಂಚೆ ಅವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಅಡಿಕೆ, ಕುಪ್ಪಸದ ಕಣ, ಮೇಲೆ ನಮ್ಮೂರಿನ ಎರಡು ಕೆಂಪು ಬಾಳೆಹಣ್ಣು. ಎಲ್ಲವನ್ನೂ ಸೆರಗಿನಲ್ಲಿ ಗಂಟು ಮಾಡಿ ಸೊಂಟಕ್ಕೆ ಸಿಕ್ಕಿಸಿದಳು. ತವರಿನ ಉಡಿಯನ್ನು ದಾರಿಯಲ್ಲಿ ಎಲ್ಲೂ ಇಳಿಸಬಾರದು. ಗಂಡನ ಮನೆಯ ದೇವರ ಮುಂದೆಯೇ ಬಿಚ್ಚಬೇಕು. ಇದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಹುಟ್ಟಿದಾಗಿನಿಂದ ನೋಡಿ ಗೊತ್ತು. ನಾನು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತೆ.

“ಬೆಲ್ಟ್ ಹಾಕ್ಕೊ. ಊರು ಹೊಗೂವಲ್ಲಿ ಪೊಲೀಸ್ರು ನಿಂತಿರ್ತಾರ,” ಎಂದರು ಚಂದ್ರಕಾಂತ. ನಮಗೆ ಆಗ ಬೆಲ್ಟಿನ ಉಪಯೋಗ ಗೊತ್ತಿದ್ದದ್ದು ಅಷ್ಟೇ.

ನಾನು ಎಳೆದುಕೊಂಡೆ. ಕೆಳಗಿನ ಪಟ್ಟಿ ಉಡಿಯ ಮೇಲೆ ಬಂತು. ಬಾಗಿಲಲ್ಲಿ ನಿಂತಿದ್ದ ಅವ್ವ ಗಾಬರಿಯಾದಳು. “ಉಡಿ ಮ್ಯಾಲ ಪಟ್ಟಿ ಬಿಗೀಬಾರದ್ರಿ. ಒಳಗ ಹಣ್ಣವ, ಕೊಬ್ಬರಿ ಅದ. ಜರಾ ಮ್ಯಾಲ ಮಾಡ್ರಿ,” ಎಂದಳು. ಅಳಿಯ ಕೈ ಹಾಕುವ ಮುಂಚೆ ತಾನೇ ಬಗ್ಗಿ, ಪಟ್ಟಿಯನ್ನು ಎತ್ತಿ ನನ್ನ ಹೊಕ್ಕುಳಿನ ಮೇಲೆ ತಂದಿಟ್ಟಳು. ಉಡಿ ಹಗುರಾಗಿ ತೊಡೆಯ ಮೇಲೆ ಉಳಿಯಿತು. ಅದಕ್ಕೆ ಇನ್ನಷ್ಟು ಜಾಗವಾಗಲಿ ಎಂದು ಚಂದ್ರಕಾಂತ ಸೀಟನ್ನು ಹಿಂದಕ್ಕೆ ಒರಗಿಸಿದರು. ಇನ್ನು ಹೆಗಲ ಪಟ್ಟಿ. ನಾನು ಗಿಡ್ಡ, ಅದು ಸೀದಾ ಕುತ್ತಿಗೆಗೆ ಬಂದು ಉಜ್ಜುತ್ತಿತ್ತು, ಬೋರಮಾಳ ಸರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಕಂಕುಳ ಕೆಳಗೆ ತೂರಿಸಿಕೊಂಡೆ. ಪಟ್ಟಿ ಇಳಿದು ಬರುವ ಕೊಂಡಿಯನ್ನು ಬಾಗಿಲ ಪಕ್ಕದ ಕಂಬದಲ್ಲಿ ಕೆಳಗೆ ಜಾರಿಸಬಹುದಿತ್ತು, ಆಗ ಅದು ಹೆಗಲ ಮೇಲೇ ಸರಿಯಾಗಿ ಕೂರುತ್ತಿತ್ತು. ಕಾರನ್ನು ದಿನಾ ಒರೆಸುತ್ತಿದ್ದವರಿಗೂ ಅದು ಗೊತ್ತಿರಲಿಲ್ಲ.

ಮೂವರೂ ಸೇರಿ, ಎಷ್ಟು ಪ್ರೀತಿಯಿಂದ ಮಾಡಿದ ಕೆಲಸ ನೋಡಿ. ಬೆಲ್ಟಿನಿಂದ ಉಡಿಯನ್ನು ಕಾಪಾಡಿದೆವು.

ತಾಜಸುಲ್ತಾನಪುರದ ಹತ್ತಿರ ಬರುವಾಗ ಹೊತ್ತು ಮುಳುಗುತ್ತಿತ್ತು. ತೊಗರಿ ರಾಶಿಯ ಕಾಲ. ವಾಹನಗಳು ಹಾಯ್ದು ಕಾಳು ಉದುರಲಿ ಎಂದು ರಸ್ತೆಯ ಮೇಲೇ ತೊಗರಿ ಕಟ್ಟಿಗೆ ಹರವಿದ್ದರು. ಅದರಾಚೆ ಒಂದು ಟ್ರ್ಯಾಕ್ಟರ್ ಟ್ರಾಲಿ ದೀಪವಿಲ್ಲದೆ ನಿಂತಿತ್ತು. ಚಂದ್ರಕಾಂತ ಬ್ರೇಕು ಒತ್ತಿದರು, ಕಾರು ಕಟ್ಟಿಗೆಯ ಮೇಲೆ ಜಾರಿಕೊಂಡೇ ಹೋಗಿ ಟ್ರಾಲಿಗೆ ಬಡಿಯಿತು. ದೊಡ್ಡ ವೇಗವೇನೂ ಇರಲಿಲ್ಲ. ನಾನು ಸೀಟಿನಲ್ಲಿ ಕೆಳಕ್ಕೆ ಜಾರಿ, ಬೆಲ್ಟಿನ ಮೇಲೆ ಮಡಚಿ ಬಿದ್ದೆ. ಒಗೆದ ಸೀರೆಯನ್ನು ಹಗ್ಗದ ಮೇಲೆ ಹಾಕುತ್ತಾರಲ್ಲ, ಹಾಗೆ. ಉಸಿರು ತಿರುಗಿ ಬರುವವರೆಗೆ ಕತ್ತಲೆ.

ಇಬ್ಬರಿಗೂ ಬಿದ್ದದ್ದು ಒಂದೇ ಪೆಟ್ಟು. ಅವರ ಪಟ್ಟಿ ಹೆಗಲ ಮೇಲೆ, ಟೊಂಕದ ಮೇಲೆ ಇತ್ತು. ಅವರ ಎದೆಗೆ ಅಡ್ಡಲಾಗಿ ಒಂದು ಬಾಸುಂಡೆ ಎದ್ದಿತು, ಅಷ್ಟೇ. ಹೊಲದವರು ಓಡಿ ಬಂದು ನೀರು ಕುಡಿಸಿದರು, ಯಾರದೋ ಜೀಪಿನಲ್ಲಿ ಊರಿಗೆ ಕಳಿಸಿದರು. ಅತ್ತೆ ಆರತಿ ಎತ್ತಿ ಒಳಗೆ ಕರೆದರು. ದೇವರ ಮುಂದೆ ಉಡಿ ಬಿಚ್ಚಿ ನೋಡಿದರೆ ಬಾಳೆಹಣ್ಣಿನ ಸಿಪ್ಪೆ ಕೂಡ ಕಂದಿರಲಿಲ್ಲ. “ಉಡಿ ಕಾಯ್ತು ನೋಡವಾ,” ಎಂದು ಅತ್ತೆ ನನ್ನ ಗಲ್ಲ ಸವರಿದರು. ಆಗ ನನಗೂ ಹಾಗೇ ಅನ್ನಿಸಿತು.

ಸೀರೆ ಬದಲಿಸುವಾಗ ಶೋಭಾ ಜೊತೆಗಿದ್ದಳು. ನನ್ನ ಹೊಟ್ಟೆ ನೋಡಿ ಅವಳ ಕೈಯಲ್ಲಿದ್ದ ಸೀರೆ ಹಾಗೇ ನಿಂತಿತು. ಹೊಕ್ಕುಳಿನ ಮಟ್ಟದಲ್ಲಿ ಈ ಮಗ್ಗುಲಿನಿಂದ ಆ ಮಗ್ಗುಲಿಗೆ, ಬೆಲ್ಟಿನಷ್ಟೇ ಅಗಲದ ನೇರಳೆ ಪಟ್ಟಿ. “ವೈನಿ, ಅಣ್ಣಗ ತೋರಸ್ರಿ,” ಎಂದಳು. ಬೇಡ ಎಂದೆ. ಹೊಟ್ಟೆ ತೋರಿಸುವಂಥ ನೋವು ಅದೆಂದು ನನಗೆ ಅನ್ನಿಸಲಿಲ್ಲ, ನಾಚಿಕೆಯೂ ಇತ್ತು. ಅತ್ತೆ ಒಳಪೆಟ್ಟೆಂದು ಅರಿಶಿನ ಹಾಲು ಕೊಟ್ಟರು, ಬಟ್ಟೆ ಬಿಸಿ ಮಾಡಿ ಕಾಸಿದರು. ಮರುದಿನ ಓಣಿಯ ಡಾಕ್ಟರು ಸೀರೆಯ ಮೇಲಿನಿಂದಲೇ ಒತ್ತಿ ನೋಡಿ, ನೋವಿನ ಇಂಜೆಕ್ಷನ್ ಚುಚ್ಚಿದರು. ನೋವು ಕಡಿಮೆಯಾಯಿತು. ಆ ದಿನದ ದಿನಚರಿಯಲ್ಲಿ ‘ಪರವಾಗಿಲ್ಲ’ ಎಂದು ನಾನೇ ಬರೆದಿದ್ದೇನೆ. ಒಳಗೆ ಕರುಳು ಸೋರುತ್ತಿತ್ತು.

ಮೂರನೆಯ ದಿನ ಹೊಟ್ಟೆ ಹಲಗೆಯಾಯಿತು. ವಾಂತಿ, ಚಳಿ, ಮುಟ್ಟಿದರೆ ಪ್ರಾಣ ಹೋಗುವ ನೋವು. ಓಣಿಯಲ್ಲಿ ಕಾರು ಬರುವುದಿಲ್ಲ. ಇದ್ದ ಕಾರೂ ಗ್ಯಾರೇಜಿನಲ್ಲಿತ್ತು. ಚಂದ್ರಕಾಂತ ನನ್ನನ್ನು ಎತ್ತಿಕೊಂಡು ಓಣಿಯ ಬಾಯಿಯವರೆಗೆ ನಡೆದರು. ಎರಡೂ ಬದಿಯ ಕಟ್ಟೆಗಳ ಮೇಲೆ ಜನ ಎದ್ದು ನಿಂತದ್ದು ತಲೆಕೆಳಗಾಗಿ ಕಂಡದ್ದು ನೆನಪಿದೆ.

ಆಸ್ಪತ್ರೆಯ ಕಾಯುವ ಕೋಣೆಯ ಬಗ್ಗೆ ನಾನು ಬರೆಯುವುದು ಶೋಭಾ ಆಮೇಲೆ ಹೇಳಿದ್ದು. ಉದ್ದ ಬೆಂಚು, ಗೋಡೆಗೆ ಒರಗಿ ಒರಗಿ ತಲೆಯೆಣ್ಣೆಯ ಕಲೆ, ಶಬ್ದ ತೆಗೆದ ಟಿವಿ. ಸುದ್ದಿ ತಿಳಿದು ಬಂದವರು ಬಂದಂತೆ ಬೆಂಚು ತುಂಬಿತು. ತವರಿನ ಉಡಿಯಕ್ಕಿಯನ್ನು ಇಡಬಾರದೆಂದು ಅತ್ತೆ ಅವತ್ತು ಬೆಳಿಗ್ಗೆ ಹುಗ್ಗಿ ಮಾಡಿದ್ದರಂತೆ. ಪ್ರಸಾದವೆಂದು ಡಬ್ಬಿಯಲ್ಲಿ ತಂದಿದ್ದರು. ಒಳಗೆ ನನ್ನ ಹೊಟ್ಟೆ ಕೊಯ್ಯುತ್ತಿದ್ದಾಗ ಹೊರಗೆ ಎಲ್ಲರೂ ಅದನ್ನು ಒಂದೊಂದು ಚಮಚ ತಿಂದರು. ದೇವರ ಹೆಸರಿನಲ್ಲಿ ತಿಂದರು, ನನಗಾಗಿಯೇ ತಿಂದರು, ನಿಜ. ಆದರೂ ಆ ಹುಗ್ಗಿಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ಎಚ್ಚರವಾದಾಗ ಮೂಗಿನಲ್ಲಿ ನಳಿಕೆ, ಹೊಟ್ಟೆಯ ಮೇಲೆ ಉದ್ದಕ್ಕೆ ಹೊಲಿಗೆ, ಅದರ ಎಡಕ್ಕೆ ಒಂದು ಪ್ಲಾಸ್ಟಿಕ್ ಚೀಲ. ಸರ್ಜನ್ ಮರುದಿನ ಬಂದರು. ನಡುವಯಸ್ಸಿನವರು, ನಮ್ಮ ಕಡೆಯವರೇ. ದೊಡ್ಡ ಕರುಳು ಹರಿದು ಮಲ ಹೊಟ್ಟೆಯೊಳಗೆಲ್ಲ ಹರಡಿದ್ದರಿಂದ ಆಗಲೇ ಜೋಡಿಸಲು ಬರಲಿಲ್ಲವೆಂದೂ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದಿದ್ದೇವೆಂದೂ, ಮೂರು ತಿಂಗಳ ಮೇಲೆ ಒಳಗೆ ಹಾಕುತ್ತೇವೆಂದೂ ಹೇಳಿದರು. ‘ಒಳಗೆ ಹಾಕುತ್ತೇವೆ’ ಎಂಬ ಆ ಎರಡು ಶಬ್ದಗಳ ಮೇಲೆ ನಾನು ಮುಂದೆ ಒಂಬತ್ತು ತಿಂಗಳು ಬದುಕಿದೆ.

ಆಮೇಲೆ ಬೆಲ್ಟು ಹೇಗೆ ಹಾಕಿದ್ದಿರಿ ಎಂದು ಕೇಳಿದರು. ಚಂದ್ರಕಾಂತ ತಮ್ಮ ಅಂಗಿಯ ಮೇಲೆ ಗೆರೆ ಎಳೆದು ತೋರಿಸಿದರು. ಸರ್ಜನ್ ಹೊದಿಕೆಯ ಮೇಲಿನಿಂದ ನನ್ನ ಟೊಂಕದ ಎರಡು ಎಲುಬುಗಳ ಮೇಲೆ ಎರಡು ಬೆರಳು ಇಟ್ಟರು.

“ಇಲ್ಲಿ ಎಲುಬದ. ಪಟ್ಟಿ ಇಲ್ಲಿ ಕೂಡಬೇಕು, ಇನ್ನೊಂದು ಹೆಗಲ ಮ್ಯಾಲ. ಪೆಟ್ಟು ಬಿದ್ರ ಎಲುಬು ತಿನ್ನಬೇಕು. ನೀವು ಕರುಳಿಗಿ ತಿನ್ನಿಸೀರಿ,” ಎಂದರು.

ಮಂಚದ ಸುತ್ತ ಚಂದ್ರಕಾಂತ, ಅತ್ತೆ, ಶೋಭಾ ಮೂವರೂ ಇದ್ದರು. ಮೂವರೂ ಕೇಳಿಸಿಕೊಂಡರು. ಇದನ್ನು ಬರೆದಿಡುವುದು ನನಗೆ ಮುಖ್ಯ.

ಅವತ್ತು ಸಂಜೆ ಭೇಟಿಯ ಹೊತ್ತಿನಲ್ಲಿ ಬಂದವರಿಗೆ ಅತ್ತೆ ಹೇಳಿದ್ದು ಬೇರೆ: ಬೆಲ್ಟು ಕೊಯ್ದುಬಿಟ್ಟಿತು, ಉಡಿ ಇತ್ತೆಂದು ಜೀವ ಉಳಿಯಿತು. ಬಂದವರು ತಮ್ಮದೂ ಒಂದೊಂದು ಸೇರಿಸಿದರು. ಒಬ್ಬರ ಭಾವನಿಗೆ ಬೆಲ್ಟಿನಿಂದ ಬಿಡಿಸಿಕೊಳ್ಳಲು ಆಗಿರಲಿಲ್ಲವಂತೆ, ಇನ್ನೊಬ್ಬರ ಗೆಳೆಯ ಬೆಲ್ಟಿಲ್ಲದೆ ಹೊರಗೆ ಎಗರಿ ಬದುಕಿದ್ದನಂತೆ. ನನ್ನ ಮೂಗಿನಲ್ಲಿ ನಳಿಕೆ ಇತ್ತು. ಮಾತಾಡಲು ಆಗುತ್ತಿರಲಿಲ್ಲ. ಬಿಸ್ಕತ್ತು, ಎಳನೀರು, ಮೋಸಂಬಿ ತಂದು ತಲೆಯ ಬಳಿ ಸಾಲಾಗಿ ಇಡುತ್ತಿದ್ದರು. ಗುಟುಕು ನೀರೂ ಕೂಡದು ಎಂದಿದ್ದರು ನನಗೆ.

ಹಳೆಯ ಚಟ ಅಲ್ಲಿ ಉಪಯೋಗಕ್ಕೆ ಬಂತು. ಮೈಯೊಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಎಂಬ ಲೆಕ್ಕವನ್ನು ಸಿಸ್ಟರ್‌ಗಳಿಗಿಂತ ನಾನೇ ಸರಿಯಾಗಿ ಇಡುತ್ತಿದ್ದೆ. ಬೇರೆ ಏನೂ ನನ್ನ ಕೈಯಲ್ಲಿರಲಿಲ್ಲ.

ಪಕ್ಕದ ಮಂಚದಲ್ಲಿ ಖಾಲಾ ಇದ್ದರು. ಚಿಕ್ಕಮ್ಮ ಎಂಬಂತೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವರ ಹೊಟ್ಟೆಯ ಮೇಲೂ ಚೀಲ, ಬೇರೆ ಕಾಯಿಲೆಗೆ. ಅವರದು ಮುಚ್ಚುವಂಥದ್ದಲ್ಲ, ಕೊನೆಯವರೆಗೆ ಇರುವುದು. ಚೀಲದೊಳಗಿನ ಆ ಕೆಂಪು ತುದಿ ತನಗೆ ಬೇಕಾದಾಗ ಗುಡುಗುತ್ತದೆ, ತಡೆಯಲು ಬರುವುದಿಲ್ಲ. ಮೊದಲ ಸಲ ಅತ್ತೆ ಮತ್ತು ನಾಲ್ಕು ಜನ ಕುಳಿತಿದ್ದಾಗ ನನ್ನದು ಸದ್ದು ಮಾಡಿತು. ಎಲ್ಲರೂ ಕಿಟಕಿ ನೋಡಿದರು. ನಾನು ಹೊದಿಕೆ ಮುಖಕ್ಕೆ ಎಳೆದುಕೊಂಡೆ. ಅವರೆಲ್ಲ ಹೋದ ಮೇಲೆ ಖಾಲಾ ಈ ಕಡೆ ಹೊರಳಿ, “ಯಾಕ ಅಳ್ತಿ ಬೇಟಿ? ಅತ್ತಿ ಮುಂದ ಬಾಯಿ ಬಿಡಲಾರದ ಸೊಸಿಗಿ ಅಲ್ಲಾ ಹೊಟ್ಟಿ ಮ್ಯಾಲ ಒಂದು ಬಾಯಿ ಕೊಟ್ಟಾನ,” ಎಂದರು. ಹೊಲಿಗೆ ಹರಿಯುವಂತೆ ನಕ್ಕೆ. ನಗುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕೆಂದು ಕಲಿಸಿದವರೂ ಅವರೇ. ಚೀಲ ತುಂಬುವವರೆಗೆ ಕಾಯಬಾರದು, ಮೂರರಲ್ಲಿ ಒಂದು ಪಾಲು ಆದಾಗಲೇ ಖಾಲಿ ಮಾಡಬೇಕು. ಹೊರಗೆ ಹೋಗುವ ದಿನ ಅವಲಕ್ಕಿ ಮೊಸರು ಸಾಕು. ಕನ್ನಡಿಯಲ್ಲಿ ಮೊದಲ ಸಲ ನೋಡಿಕೊಳ್ಳುವಾಗ ಒಬ್ಬಳೇ ನೋಡಬಾರದು. ಈ ಕೊನೆಯದು ನನಗೆ ಎಲ್ಲ ಔಷಧಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ನಾನು ನೋಡಿಕೊಂಡಾಗ ಪಕ್ಕದಲ್ಲಿ ಅವರೇ ನಿಂತಿದ್ದರು.

ಮನೆಗೆ ಬಂದೆ. ನನ್ನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದರು. ಅತ್ತೆಯ ಬಗ್ಗೆ ಅನ್ಯಾಯವಾಗಿ ಬರೆಯಬಾರದು. ಚೀಲ ಸೋರಿ ಹಾಳಾದ ಬಟ್ಟೆಗಳನ್ನು ಅವರು ಮೂಗು ಮುರಿಯದೆ ತಾವೇ ತೊಳೆದರು, ಒಂದು ದಿನವೂ ಶೋಭಾಳ ಕೈಗೆ ಕೊಡಲಿಲ್ಲ. ಆದರೆ ಅಡುಗೆಮನೆಯ ಹೊಸ್ತಿಲು ದಾಟಬೇಡ ಎಂದರು, ದೇವರ ಕೋಣೆಯದಂತೂ ಹೇಳುವುದೇ ಬೇಡ. ಜಗಲಿಯ ಮೇಲೆ ನನ್ನ ತಾಟು ಬೇರೆಯಾಯಿತು. “ಇದು ಬಂದಾಗಿ ಒಳಗ ಹೋಗಲಿ, ಆಮ್ಯಾಲ ನಿನ್ನ ಅಡಿಗಿಮನಿ ನಿನಗೇ,” ಎಂದರು. ಆ ಹೊಸ್ತಿಲಿನ ಈಚೆ ಕುಳಿತು ನಾನು ತೊಗರಿ ಆರಿಸಿದೆ, ಬೆಳ್ಳುಳ್ಳಿ ಸುಲಿದೆ. ಅವು ಆಚೆ ಹೋಗುತ್ತಿದ್ದವು, ಬೇಯುತ್ತಿದ್ದವು. ನನ್ನ ಕೈ ಮುಟ್ಟಿದ ಕಾಳಿಗೆ ಇದ್ದ ದಾರಿ ನನಗಿರಲಿಲ್ಲ.

ಚೀಲಗಳು ಹೈದರಾಬಾದಿನಿಂದ ಬಸ್ ಪಾರ್ಸೆಲ್‌ನಲ್ಲಿ ಬರುತ್ತಿದ್ದವು. ಅದರ ರಂಧ್ರವನ್ನು ನಮ್ಮ ಅಳತೆಗೆ ನಾವೇ ಕತ್ತರಿಸಿಕೊಳ್ಳಬೇಕು. ಸ್ವಲ್ಪ ದೊಡ್ಡದಾದರೆ ಸುತ್ತಲಿನ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ. ಚಂದ್ರಕಾಂತ ಅಂಗಡಿಯಿಂದ ತಾಮ್ರದ ತಂತಿ ತಂದು, ಬಳೆಯ ಹಾಗೆ ಬಗ್ಗಿಸಿ ಅಳತೆ ತೆಗೆದು, ಸಣ್ಣ ಕತ್ತರಿಯಿಂದ ಎಷ್ಟು ನಾಜೂಕಾಗಿ ಕತ್ತರಿಸುತ್ತಿದ್ದರೆಂದರೆ ಆಮೇಲೆ ಒಂದು ಹನಿ ಸೋರಲಿಲ್ಲ. ಆ ಕೈಯ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ, ಮುಂದೆ ಅದು ಮಾಡಿದ ಕೆಲಸದ ಮೇಲೆ ಬಂದಿದೆ.

ಮೂರು ತಿಂಗಳಿಗೆ ಹೋದರೆ, ಹೊಲಿಗೆ ಒಂದು ಕಡೆ ಬಾಯಿಬಿಟ್ಟು ಕೀವಾಗಿದೆ, ಇನ್ನೂ ಕಾಯಿರಿ ಎಂದರು. ಮಳೆಗಾಲಕ್ಕೆ ಹೋದರೆ, ರಕ್ತ ಕಡಿಮೆ ಇದೆ ಎಂದರು. ಇನ್ನೊಮ್ಮೆ ಹೋಗಿ ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಆ ಉದ್ದ ಬೆಂಚಿನ ಮೇಲೆ ಕುಳಿತಿದ್ದಾಗ, ಸರ್ಜನ್ ರಜೆಯಲ್ಲಿದ್ದಾರೆ ಎಂದು ಗೊತ್ತಾಯಿತು. ಪ್ರತಿ ಸಲವೂ ಅತ್ತೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು, ನಾನು ತಲೆ ಅಲ್ಲಾಡಿಸಿ ಮುಂದಿನ ಕೋಣೆಗೆ ಹೋಗುತ್ತಿದ್ದೆ. ನಡುವೆ ಶಾಲೆಗೂ ಹೋಗಿ ನೋಡಿದೆ. ಹಲಗೆಯ ಮೇಲೆ ಲೆಕ್ಕ ಬರೆಯುವಾಗ ಹೊಟ್ಟೆ ಮಾತಾಡಿತು. ಏಳನೆಯ ತರಗತಿ, ಕೇಳಬೇಕೆ. ಪೂರಾ ಗುಣವಾದ ಮೇಲೆ ಬನ್ನಿ ಎಂದು ಮುಖ್ಯ ಗುರುಗಳು ಮೆತ್ತಗೆ ಹೇಳಿದರು. ಅಡುಗೆಮನೆ, ಶಾಲೆ, ಎರಡರ ಬೀಗಕ್ಕೂ ಒಂದೇ ಕೀಲಿ ಎಂದಾಯಿತು, ಆ ಕೀಲಿ ಸರ್ಜನ್ನರ ಜೇಬಿನಲ್ಲಿತ್ತು.

ಶ್ರಾವಣದಲ್ಲಿ ಅವ್ವ ಬಂದು ವಾರ ಇದ್ದಳು. ಒಂದು ಮಧ್ಯಾಹ್ನ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಹಿಂದಿನಿಂದ ಕೇಳಿದಳು.

“ನಾ ಪಟ್ಟಿ ಮ್ಯಾಲ ಮಾಡಿದ್ದಕ್ಕ ಹಿಂಗಾತಂತ ಹೌದೇನ?”

ಅಲ್ಲವೆನ್ನಬಹುದಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನು ಹೌದು ಎಂದೆ. ಆಕೆ ಬಟ್ಟಲಿನಿಂದ ಇನ್ನಷ್ಟು ಎಣ್ಣೆ ತೆಗೆದುಕೊಂಡು ತಿಕ್ಕತೊಡಗಿದಳು. ಅಂದಿನಿಂದ ಬೆಲ್ಟನ್ನು ಎಲ್ಲರಿಗಿಂತ ಜೋರಾಗಿ ಬೈಯತೊಡಗಿದವಳು ಅವ್ವನೇ. ಅತ್ತೆಗೆ ಒಳ್ಳೆಯ ಜೊತೆ ಸಿಕ್ಕಿತು. ನನಗೆ ಆಗ ಅರ್ಥವಾಯಿತು. ಬೆಲ್ಟು ತಪ್ಪಲ್ಲ ಎಂದಾದರೆ ತಪ್ಪು ಯಾರದ್ದಾದರೂ ಆಗಬೇಕು: ಅವ್ವನದು, ಸೀಟು ಒರಗಿಸಿದ ಗಂಡನದು, ಬಟ್ಟೆ ಕಾಸಿ ಎರಡು ದಿನ ಮನೆಯಲ್ಲಿಟ್ಟುಕೊಂಡ ಅತ್ತೆಯದು, ಹೊಟ್ಟೆ ತೋರಿಸದ ನನ್ನದು. ಬೆಲ್ಟಿಗೆ ಬಾಯಿಲ್ಲ. ಎಲ್ಲರೂ ಸೇರಿ ಅದರ ಮೇಲೆ ಹೊರಿಸಿದರು.

ಎಳ್ಳ ಅಮಾವಾಸ್ಯೆಗೆ ಹೊರಗೆ ಬಂದ ಕರುಳು ನವರಾತ್ರಿಗೆ ಒಳಗೆ ಹೋಯಿತು. ಎರಡನೆಯ ಆಪರೇಷನ್ನಿನ ನಂತರದ ಕಾಯುವಿಕೆ ಎಲ್ಲಕ್ಕಿಂತ ಕೆಟ್ಟದ್ದು. ಜೋಡಿಸಿದ್ದು ಕೂಡಿದೆಯೋ ಇಲ್ಲವೋ ಎಂದು ತಿಳಿಯುವುದು ಒಂದೇ ಗುರುತಿನಿಂದ. ಸರ್ಜನ್, ಸಿಸ್ಟರ್, ಕಸ ಗುಡಿಸುವವರು, ನೋಡಲು ಬಂದವರು ಎಲ್ಲರೂ ಬಾಗಿಲಲ್ಲಿ ನಿಂತು ಅದನ್ನೇ ಕೇಳುತ್ತಿದ್ದರು: “ಗಾಳಿ ಹೋತೇನು?” ಮದುವೆಯಾಗಿ ಬಂದ ಮನೆಯಲ್ಲಿ ಜೋರಾಗಿ ಕೆಮ್ಮಲು ಹಿಂಜರಿಯುತ್ತಿದ್ದವಳು ನಾನು. ಹೋಗದಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕು, ಮತ್ತೆ ಚೀಲ, ಈ ಸಲ ಖಾಲಾ ಅವರ ಹಾಗೆ ಕೊನೆಯವರೆಗೂ ಇರಬಹುದು ಎಂದಿದ್ದರು. ನಾನು ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈ ಇಟ್ಟು ಕಿವಿಗೊಟ್ಟು ಮಲಗಿದ್ದೆ. ವಿಜಯದಶಮಿಯ ಬೆಳಿಗ್ಗೆ ಹೋಯಿತು. ಶೋಭಾ ವರಾಂಡದವರೆಗೆ ಓಡಿ ತನ್ನ ಅಣ್ಣನಿಗೆ ಹೇಳಿದಳು. ಅಲ್ಲಿ ಕುಳಿತಿದ್ದ ಗುರುತಿಲ್ಲದವರೆಲ್ಲ ಕೇಳಿಸಿಕೊಂಡು ಸಂತೋಷಪಟ್ಟರು. ಸಿಸ್ಟರ್ ಒಬ್ಬರು ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟು, “ಬಂಗಾರದಂಗ ಇರ್ರಿ,” ಎಂದರು. ಇಷ್ಟು ಕಹಿಯ ನಡುವೆ ಆ ಬೆಳಿಗ್ಗೆಯೊಂದು ನನ್ನದು. ಅದರಲ್ಲಿ ಯಾರಿಗೂ ಪಾಲಿಲ್ಲ.

ಮನೆಗೆ ಕಳಿಸಿದ ದಿನ ಚಂದ್ರಕಾಂತ ಕಾರು ತಂದಿದ್ದರು. ಮುಂಭಾಗ ರಿಪೇರಿಯಾಗಿ ಹೊಸ ಬಣ್ಣ ಹೊಡೆದಿತ್ತು. ಅವರು ಬಾಗಿಲು ತೆರೆದು ಹಿಡಿದರು. ನಾನು ಕೂರುವ ಮುಂಚೆ ಕೈ ತಾನಾಗಿ ಬಾಗಿಲ ಪಕ್ಕದ ಕಂಬಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬೋಲ್ಟು ಬಿಚ್ಚಿದ ತೂತು. ಸೀಟಿನ ಪಕ್ಕದ ಕೊಂಡಿಯೂ ಇರಲಿಲ್ಲ. ಡ್ರೈವರ್ ಕಡೆಯದು ಮಾತ್ರ ಇತ್ತು.

“ನಿನ್ನ ಕಡೀದು ಬಿಚ್ಚಿ ಹಾಕೀನಿ,” ಎಂದರು. ಮೆಚ್ಚುಗೆಗೆ ಕಾಯುವವರ ಮುಖ.

“ಯಾಕ?”

“ಅವ್ವನೂ ಅಂದಳು, ನಿಮ್ಮ ಅವ್ವನೂ ಅಂದಳು.”

“ಡಾಕ್ಟರ್ ಏನಂದಿದ್ರು, ನೀವೂ ಕೇಳಿದ್ರಿ.”

“ಕೇಳೀನಿ. ಆದ್ರ ಅಷ್ಟು ದಿನ ನಿನ್ನ ಹೊಟ್ಟಿ ಮುಂದ ಕತ್ತರಿ ಹಿಡದು ಕೂತಾಂವ ನಾನು. ಆ ಪಟ್ಟಿ ಮತ್ತ ನಿನ್ನ ಮೈಮ್ಯಾಲ ನೋಡ್ಲಿಕ್ಕಾಗಂಗಿಲ್ಲ ನನಗ,” ಎಂದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ಕೈಯಿಂದ, ಅಷ್ಟೇ ನಾಜೂಕಾಗಿ ಬಿಚ್ಚಿರಬೇಕು; ಸುತ್ತ ಒಂದು ಗೀರೂ ಇರಲಿಲ್ಲ. ನನಗೆ ಅವರ ಪ್ರೀತಿಯೂ ಕಂಡಿತು, ಆ ತೂತೂ ಕಂಡಿತು. ಸಿಟ್ಟು ಬಂದು ಆಟೋ ಕರೆದೆ. ಬೆಲ್ಟು ಆಟೋದಲ್ಲೂ ಇಲ್ಲ ಎಂದು ಗೊತ್ತಿದ್ದೇ ಹತ್ತಿದೆ. ಶಹಾಬಜಾರದವರೆಗೆ ಅವರು ಕಾರನ್ನು ಆಟೋದ ಹಿಂದೆ, ಹಾರ್ನ್ ಹೊಡೆಯದೆ, ಮೆಲ್ಲಗೆ ತಂದರು.

ಅತ್ತೆ ಮಾತು ತಪ್ಪಲಿಲ್ಲ. ಅವತ್ತೇ ಕೈ ಹಿಡಿದು ಅಡುಗೆಮನೆಯೊಳಗೆ ಕರೆದೊಯ್ದರು. ಒಲೆಯ ಮುಂದೆ ನಿಂತು ನಾನು ಅತ್ತುಬಿಟ್ಟೆ. ಸಂತೋಷಕ್ಕೆ ಎಂದು ಅವರು ತಿಳಿದರು. ಅರ್ಧ ಹೌದು. ನನ್ನ ಮನೆಗೆ ನಾನು ಬರಲು ನನ್ನ ಕರುಳು ಮೊದಲು ಸರಿಯಾದ ಜಾಗಕ್ಕೆ ಹೋಗಬೇಕಾಯಿತು ಎಂಬುದು ಇನ್ನರ್ಧ. ಮುಂದಿನ ಜೂನ್‌ನಲ್ಲಿ ಶಾಲೆಗೂ ಸೇರಿದೆ.

ಬೆಲ್ಟು ತಿರುಗಿ ಹಾಕಿಸಿ ಎಂದು ಎಷ್ಟೋ ಸಲ ಕೇಳಿದ್ದೇನೆ. ಹೈದರಾಬಾದಿಗೆ ಹೋದಾಗ ಸಾಮಾನು ನೋಡುತ್ತೇನೆ ಎನ್ನುತ್ತಾರೆ. ಹೈದರಾಬಾದಿಗೆ ತಿಂಗಳಿಗೊಮ್ಮೆ ಹೋಗುತ್ತಾರೆ. ನಾನು ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಹೊಟ್ಟೆಯ ಮೇಲೆ ಈಗ ಉದ್ದದ್ದೊಂದು, ಅದರ ಪಕ್ಕ ಚೀಲವಿದ್ದಲ್ಲಿ ಹುಣಸೆ ಬೀಜದಷ್ಟು ಇನ್ನೊಂದು ಗುರುತು. ಮಳೆ ಬರುವ ಮುಂಚೆ ಎಳೆಯುತ್ತವೆ. ಉಣ್ಣುತ್ತೇನೆ, ನಗುತ್ತೇನೆ, ದಿಂಬು ಬೇಕಿಲ್ಲ. ಇದನ್ನು ಚೀಲ ಇರುವವರಿಗಾಗಿ ಬರೆದೆ. ಬೆಲ್ಟು ಕಟ್ಟುವವರಿಗೆ ಇಷ್ಟೇ: ಹೊಟ್ಟೆಯ ಮೇಲೆ ಕಟ್ಟಬೇಡಿ. ಪೆಟ್ಟಾಗಿ ಹೊಟ್ಟೆಯ ಮೇಲೆ ಪಟ್ಟಿಯ ಗುರುತು ಕಂಡರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ.

ಹೋದ ತಿಂಗಳು ಶೋಭಾ ಬಂದಿದ್ದಳು. ಅವಳಿಗೆ ಈಗ ಮದುವೆಯಾಗಿದೆ, ಗಂಡನ ಮನೆ ಹುಮನಾಬಾದ. ಬಸುರಿ, ಐದನೆಯ ತಿಂಗಳು. ಚಂದ್ರಕಾಂತ ಕಾರಿನಲ್ಲಿ ಬಿಟ್ಟು ಬರಲು ಹೊರಟರು. ಅವಳು ಮುಂದಿನ ಬಾಗಿಲು ತೆರೆದಳು. ನಾನು ಕೈ ಹಿಡಿದೆ. ನಿನ್ನ ಗಂಡನ ಕಾರಿನಲ್ಲಾದರೂ ಬೆಲ್ಟು ಹಾಕಿಕೋ ಎಂದು ಹೇಳಿದೆ. ಬಸುರಿಯ ಹೊಟ್ಟೆಗೆ ಪಟ್ಟಿ ಎಲ್ಲಿರಬೇಕೆಂದು ಸರ್ಜನ್ನರನ್ನು ಕೇಳಿಕೊಂಡು ಬಂದಿದ್ದೆ. ಅವರು ನನಗೆ ತೋರಿಸಿದಂತೆ ಅವಳ ಟೊಂಕದ ಎಲುಬುಗಳ ಮೇಲೆ, ಹೊಟ್ಟೆಯ ಕೆಳಗೆ, ಎರಡು ಬೆರಳಿಟ್ಟು ತೋರಿಸಿದೆ. ಇದರಲ್ಲಂತೂ ಪಟ್ಟಿಯಿಲ್ಲ, ಹಿಂದೆಯಾದರೂ ಕೂತುಕೋ ಎಂದೆ.

ಅವಳು ನನ್ನ ಕೈಯನ್ನು ಮೆಲ್ಲಗೆ ತೆಗೆದಳು. “ನಿಮ್ಮ ಹೊಟ್ಟಿ ಮೊದಲು ನೋಡಿದಾಕಿ ನಾನು, ವೈನಿ. ನೀವರ ನನ್ನ ಮುಂದ ಅದರ ಹೆಸರು ತಗೀಬ್ಯಾಡ್ರಿ. ಹಿಂದ ಕೂತ್ರ ವಾಂತಿ ಬರ್ತದ ನನಗ,” ಎಂದಳು.

ನನ್ನ ಹತ್ತಿರ ತೋರಿಸಲು ಇದ್ದದ್ದು ನನ್ನ ಹೊಟ್ಟೆಯೊಂದೇ. ಅದನ್ನು ಅವರು ಮೊದಲೇ ತಮ್ಮ ಕಡೆಯ ಸಾಕ್ಷಿ ಮಾಡಿಕೊಂಡಿದ್ದರು. ಕಾರು ಹೊರಟಿತು. ಓಣಿಯ ಬಾಯಿಯಲ್ಲಿ ನಿಂತು ನೋಡಿ ಒಳಗೆ ಬಂದೆ. ಮಧ್ಯಾಹ್ನವೆಲ್ಲ ಫೋನಿನ ಹತ್ತಿರದ ಕೆಲಸವನ್ನೇ ಹುಡುಕಿಕೊಂಡು ಮಾಡಿದೆ. ಸಂಜೆ ಫೋನು ಬಂತು. ಅತ್ತೆ ಎತ್ತಿದರು, ಮಾತಾಡಿದರು, ಇಟ್ಟರು. ನಾನು ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅತ್ತೆ ನನ್ನ ಕಡೆ ತಿರುಗಿದರು. “ಆರಾಮ ಮುಟ್ಯಾರ. ಬೆಲ್ಟಿಲ್ಲದೇ ಮುಟ್ಯಾರ,” ಎಂದರು. “ನೋಡಿದಿ?”